ಮೂವತ್ತಾದ ಮೇಲೆ ಬಾ ಎಂದಿದ್ದೆ

ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ಬಿಪಿ, ಶುಗರ್, ಬಾಯಿ, ಎದೆ, ಗರ್ಭಕೊರಳು, ಎಲ್ಲವನ್ನೂ ಒಂದೇ ದಿನ ನೋಡುವ ತಪಾಸಣಾ ಶಿಬಿರ. ಹೆಸರು ಬರೆದುಕೊಳ್ಳುವ ನರ್ಸ್ ನಾನು. ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು ಮೇಜಿನ ಹತ್ತಿರ ಬಗ್ಗಿ, "ಅಕ್ಕಾರ, ನಂದೂ ಗರ್ಭಚೀಲ ನೋಡ್ತೀರೇನ್ರಿ?" ಅಂದಳು. ವಯಸ್ಸು 27. "ಮೂವತ್ತ ಆದಮ್ಯಾಲ ಬಾ ತಂಗಿ" ಅಂದೆ. ಏನೋ ಹೇಳಲು ಬಾಯಿ ತೆರೆದವಳು ನನ್ನ ಪಕ್ಕ ಕೂತಿದ್ದ ಅವರೂರ ಆಶಾ ಕಾರ್ಯಕರ್ತೆಯನ್ನು ನೋಡಿ ಸುಮ್ಮನಾದಳು. ಸೆರಗು ಎಳೆದುಕೊಂಡು ಹೋದಳು.

ನಾನು ನಿಯಮ ಮುರಿದಿರಲಿಲ್ಲ. ಸರ್ಕಾರದ ಗರ್ಭಕೊರಳಿನ ತಪಾಸಣೆ ಇರುವುದೇ 30 ದಾಟಿದವರಿಗೆ, 5 ವರ್ಷಕ್ಕೊಮ್ಮೆ.

ಎರಡು ವರ್ಷದ ಮೇಲೆ ನನಗೆ ಎಚ್‌ಐವಿಯ ಎಆರ್‌ಟಿ ಗುಳಿಗೆ ಕೊಡುವ ಕಡೆ ಕೆಲಸ ಬಿತ್ತು. ಅಲ್ಲಿ ಅವಳು ಚೀಲ ಹಿಡಿದು ಕೂತಿದ್ದಳು. ನಾನು ಗುರುತಿಸುವ ಮೊದಲೇ ಅವಳು ನನ್ನನ್ನು ಗುರುತಿಸಿದಳು.

ಆ ಹೊತ್ತಿಗೆ ಒಂದು ತರಬೇತಿ ಆಗಿತ್ತು. ಪ್ರತಿ ಸಲ ಗುಳಿಗೆಗೆ ಬಂದವರಿಗೆ ಏನೇನು ಕೇಳುತ್ತೀರಿ ಎಂದು ಡಾಕ್ಟರು ಕೇಳಿದ್ದರು. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂದು ಕ್ಷಯದ ನಾಲ್ಕು ಪ್ರಶ್ನೆಗಳನ್ನು ಎಲ್ಲರೂ ಒಂದೇ ಉಸಿರಿಗೆ ಒಪ್ಪಿಸಿದೆವು. ಗರ್ಭಕೊರಳಿನ ಬಗ್ಗೆ? ಕೋಣೆ ಗಪ್. ಗೊತ್ತೇ ಇರಲಿಲ್ಲ ಎಂದರೂ ಸುಳ್ಳಾದೀತು. ಎಚ್‌ಪಿವಿ ವೈರಾಣುವಿನಿಂದ ಗರ್ಭಕೊರಳಿನ ಕ್ಯಾನ್ಸರ್ ಬರುತ್ತದೆಂದು ಓದಿದ್ದೆವು. ಎಚ್‌ಐವಿ ಬೇರೆ ಪಾಠದಲ್ಲಿತ್ತು. ಎರಡೂ ಪಾಠ ನಮ್ಮ ತಲೆಯಲ್ಲಿ ಒಂದನ್ನೊಂದು ಭೇಟಿ ಆಗಿರಲಿಲ್ಲ.

ಬಹುಪಾಲು ಹೆಂಗಸರ ಮೈ ಎಚ್‌ಪಿವಿಯನ್ನು ಒಂದೆರಡು ವರ್ಷದಲ್ಲಿ ತಾನೇ ಹೊರಹಾಕುತ್ತದೆ. ಎಚ್‌ಐವಿ ಇದ್ದವರಲ್ಲಿ ಅದು ಠಿಕಾಣಿ ಹೂಡುವುದು ಹೆಚ್ಚು. ಸಾಮಾನ್ಯವಾಗಿ ಕ್ಯಾನ್ಸರಾಗಲು 15ರಿಂದ 20 ವರ್ಷ ಹಿಡಿದರೆ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕಾಗಬಹುದು. ಎಚ್‌ಐವಿ ಇದ್ದ ಹೆಂಗಸರಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು 6 ಪಟ್ಟು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವರಿಗೆ 25ರಿಂದಲೇ ತಪಾಸಣೆ ಶುರುವಾಗಲಿ ಎಂದಿತು. ಎಚ್‌ಪಿವಿ ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ. ಅದು ಸಿಗದ ಕಡೆ, ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಎದ್ದಿದೆಯೇ ಎಂದು ನೋಡುವ ವಿಐಎ, 3 ವರ್ಷಕ್ಕೊಮ್ಮೆ. ಆಮ್ಲ ಎಂದರೆ ಹೆದರುತ್ತಾರೆ. ಗೋಬಿ ಮಂಚೂರಿ ಗಾಡಿಯ ವಿನೆಗರ್‌ನಲ್ಲಿ ಇರುವುದೂ ಅದೇ ಎಂದರೆ ನಗುತ್ತಾರೆ, ಅರ್ಧ ಅಂಜಿಕೆ ಅಲ್ಲಿಗೇ ಹೋಗುತ್ತದೆ.

ರಕ್ತದಲ್ಲಿನ ಎಚ್‌ಐವಿ ಪ್ರಮಾಣ, ಅಂದರೆ ವೈರಲ್ ಲೋಡ್, ಇಳಿದರೆ ಎಲ್ಲ ಸರಿ ಎಂದುಕೊಂಡಿದ್ದು ನನ್ನ ಇನ್ನೊಂದು ತಪ್ಪು. ಗುಳಿಗೆ ತಪ್ಪದೆ ನುಂಗಿದರೆ ಅಪಾಯ ತಗ್ಗುತ್ತದೆ, ನಿಜ. ಆದರೆ ತಪಾಸಣೆ ತಪ್ಪುವುದಿಲ್ಲ.

ಅವಳನ್ನು ಅಂದೇ ನೋಡಿಸಿದೆವು. ಬಿಳಿ ಮಚ್ಚೆ ಇತ್ತು. ವಿಜಯಪುರಕ್ಕೆ ಕಳಿಸಿದೆವು, ತುಣುಕು ತೆಗೆದು ನೋಡಿದರು. ಕ್ಯಾನ್ಸರ್ ಆಗಿರಲಿಲ್ಲ, ಅದರ ಹಿಂದಿನ ಹಂತ. ಕೆಟ್ಟ ಭಾಗವನ್ನು ತೆಗೆದರು. ಒಂದು ವರ್ಷಕ್ಕೆ ಮತ್ತೆ ತೋರಿಸಲು ಹೇಳಿದರು. "ಆವತ್ತs ಹೇಳಬೇಕಂತ ಮಾಡಿದ್ದೆರಿ ಅಕ್ಕಾರ. ಆಶಾಬಾಯಿ ಕೂತಿದ್ಲು, ಹ್ಯಾಂಗ ಹೇಳ್ಲಿ?" ಅಂದಳು.

25 ಎಂಬ ಅಂಕಿ ಆ ದಿನ ನನಗೆ ಗೊತ್ತಿದ್ದರೂ ಶಿಬಿರದಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಊರ ಮಂದಿ ನಿಂತ ಸಾಲಿನಲ್ಲಿ ಯಾರೂ ತಮಗೆ ಎಚ್‌ಐವಿ ಇದೆ ಎನ್ನುವುದಿಲ್ಲ, ಎನ್ನಿಸುವುದೂ ಸಲ್ಲದು. 2017ರ ಎಚ್‌ಐವಿ ಕಾಯ್ದೆಯೂ ಆ ಗುಟ್ಟನ್ನು ಕಾಯುತ್ತದೆ. ಕೇಳಬೇಕಾದ ಜಾಗ ಗುಳಿಗೆ ಕೊಡುವ ಕೋಣೆ. ಅಲ್ಲಿ ಅದು ಮೊದಲೇ ಗೊತ್ತಿರುತ್ತದೆ, ಬಾಗಿಲೂ ಹಾಕಿರುತ್ತದೆ. ಈಗ ಕ್ಷಯದ ಆ ನಾಲ್ಕರ ಜೊತೆ ಗರ್ಭಕೊರಳಿನ ತಪಾಸಣೆ ಆಗಿದೆಯೇ ಎಂಬ ಐದನೆಯದನ್ನೂ ನಾನು ಕೇಳುತ್ತೇನೆ. ಬರೆದುಕೊಡುವ ಚೀಟಿಯಲ್ಲಿ "ಗರ್ಭಕೊರಳು ತಪಾಸಣೆ" ಎಂದಷ್ಟೇ ಇರುತ್ತದೆ, ಕಾರಣ ಇರುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಈ ಕೆಲಸ ಮಾಡುವ ಅಕ್ಕ ತಂಗಿಯರೇ, ನಾಳೆ ಗುಳಿಗೆಗೆ ಬರುವ ಮೊದಲ ಹೆಣ್ಣುಮಗಳಿಗೆ ಇದೊಂದು ಮಾತು ಕೇಳಿ ನೋಡಿ.