ಸಕ್ಕರೆ ಅಚ್ಚು, ಎಳ್ಳು-ಬೆಲ್ಲ ಮತ್ತು ಅಜ್ಜಿಯ ಹದ

ಸಂಕ್ರಾಂತಿ ಬರೋದು ಜನವರಿ 14ಕ್ಕೋ 15ಕ್ಕೋ. ನಮ್ಮ ಸೆಮಿಸ್ಟರ್ ಪರೀಕ್ಷೆ ಬರೋದೂ ಸರಿಯಾಗಿ ಆಗಲೇ. ಹೋದ ವರ್ಷ ನಾವು ನಾಲ್ವರೂ ಊರಿಗೆ ಹೋಗಲಾಗದೆ ಬೆಂಗಳೂರಿನ ಬಾಡಿಗೆ ರೂಮಿನಲ್ಲೇ ಉಳಿದೆವು. ಆಗ ನಮ್ಮಲ್ಲೊಬ್ಬನ ಮನೆಯಿಂದ, ತಿಪಟೂರಿನ ಕಡೆಯಿಂದ, ಒಂದು ಹಳೇ ಬಟ್ಟೆ ಗಂಟು ಬಂತು. ಬಿಚ್ಚಿ ನೋಡಿದರೆ ಸಕ್ಕರೆ ಅಚ್ಚಿನ ಮರದ ಪಟ್ಟಿಗಳು: ಆನೆ, ಗಿಣಿ, ಮೀನು, ತುಳಸಿಕಟ್ಟೆ. ಜೊತೆಗೆ ಎರಡು ಗಿಟುಕು ಕೊಬ್ಬರಿ. ಅವನ ಅಜ್ಜಿಗೆ ಕೈ ನಡುಕ. ಆ ಸಲ ಕುದಿಯೋ ಪಾಕ ಎತ್ತಿ ಸುರಿಯೋಕೆ ಆಗಲ್ಲ ಅಂತ ಅವರೇ ನಿರ್ಧರಿಸಿದ್ದರು. "ಇಲ್ಲಿ ಮಾಡೋರಿಲ್ಲ, ಅಲ್ಲಾದ್ರೂ ಮಾಡ್ಕೊಳಿ" ಅಂದರು ಫೋನಿನಲ್ಲಿ.

ನಾವು ಅಳತೆ ಕೇಳಿದೆವು. ಅಜ್ಜಿ, "ಅಳತೆ ಏನಿಲ್ಲ ಕಣ್ರೋ, ಹದ ನೋಡ್ಕೊಬೇಕು" ಅಂದರು. ಹದ ಅಂದರೆ ಎಷ್ಟು ಡಿಗ್ರಿ? ಎಷ್ಟು ನಿಮಿಷ? ನಮ್ಮ ಈ ಪಾಠ ಶುರುವಾಗಿದ್ದೇ ಆ ಪ್ರಶ್ನೆಯಿಂದ. ಈ ಸಲ ನೀವೂ ಊರಿಗೆ ಹೋಗೋಕೆ ಆಗದಿದ್ದರೆ ಉಪಯೋಗಕ್ಕೆ ಬರಲಿ ಅಂತ ನಾವು ಕಲಿತದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇವೆ.

ಮೊದಲು ಎಳ್ಳು-ಬೆಲ್ಲ: ಹಾಸ್ಟೆಲಿನವರೂ ಮಾಡಬಹುದು

ಇದಕ್ಕೆ ಒಲೆ ಬೇಕೇಬೇಕು ಅಂತಿಲ್ಲ. ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ಅಂಗಡಿಯಲ್ಲೇ ಸಿಗುತ್ತವೆ. ಸುಮಾರು ಮೂವತ್ತು ಪೊಟ್ಟಣಕ್ಕೆ ನಾವು ತಗೊಂಡದ್ದು ಇಷ್ಟು:

- ಕೊಬ್ಬರಿ: 250 ಗ್ರಾಂ
- ಗಟ್ಟಿ ಅಚ್ಚು ಬೆಲ್ಲ: 250 ಗ್ರಾಂ
- ಕಡಲೆಕಾಯಿ ಬೀಜ: 250 ಗ್ರಾಂ
- ಹುರಿಗಡಲೆ: 250 ಗ್ರಾಂ
- ಬಿಳಿ ಎಳ್ಳು: 100 ಗ್ರಾಂ

ಕೊಬ್ಬರಿಯ ಹೊರಗಿನ ಕಂದು ಸಿಪ್ಪೆಯನ್ನು ತುರಿದು ತೆಗೆಯಿರಿ. ಉದ್ದಕ್ಕೆ ಸೀಳಿ, ಆಮೇಲೆ ಅಡ್ಡಕ್ಕೆ ಸಣ್ಣ ಚೂರು ಮಾಡಿ. ಬೆಲ್ಲಕ್ಕೆ ಅಡಿಕೆ ಕತ್ತರಿ ಒಳ್ಳೆಯದು, ಚಾಕುವಾದರೆ ಪುಡಿಯಾಗುವುದೇ ಜಾಸ್ತಿ. ಎರಡನ್ನೂ ಬೇರೆ ಬೇರೆ ಹರಡಿ, ತೆಳು ಬಟ್ಟೆ ಮುಚ್ಚಿ, ಒಂದೆರಡು ದಿನ ಬಿಸಿಲಿಗಿಡಿ. ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ, ಊದಿ, ಎರಡು ಬೇಳೆಯಾಗಿ ಬಿಡಿಸಿ. ಒಲೆ ಇದ್ದವರು ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಿರಿ.

ನಾವು ಮಾಡಿದ ತಪ್ಪು: ಅವಸರಕ್ಕೆ ಒಣಗದ ಬೆಲ್ಲವನ್ನೇ ಎಲ್ಲದರ ಜೊತೆ ಕಲಸಿ ಡಬ್ಬಕ್ಕೆ ತುಂಬಿದೆವು. ಮಾರನೇ ದಿನಕ್ಕೆ ಹುರಿಗಡಲೆ ಮೆತ್ತಗಾಗಿ, ಬೆಲ್ಲ ಅಂಟಂಟಾಗಿ, ಎಳ್ಳೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ಬೆಲ್ಲ ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಎಲ್ಲ ಪೂರ್ತಿ ಒಣಗಿ, ಹುರಿದದ್ದು ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ದಿನ ಕಲಸಿದರೆ ಸಾಕು. ಬಿಸಿಲು ಕಾಯೋಕೆ ಪುರುಸೊತ್ತಿಲ್ಲದವರಿಗೆ ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಹೆಚ್ಚಿದ ಬೆಲ್ಲ, ಕೊಬ್ಬರಿ ತೂಕಕ್ಕೆ ಸಿಗುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ.

ಸಕ್ಕರೆ ಅಚ್ಚು: ಮೂರು ಸಲದ ಕಥೆ

ಮರದ ಪಟ್ಟಿಗಳನ್ನು ಕನಿಷ್ಠ ಎರಡು ಮೂರು ಗಂಟೆ ನೀರಿನಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಕಚ್ಚಿಕೊಳ್ಳುತ್ತದೆ. ಆಮೇಲೆ ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ ಇಟ್ಟುಕೊಳ್ಳಿ. ಪಾಕ ಹದಕ್ಕೆ ಬಂದಮೇಲೆ ಅಚ್ಚು ಹುಡುಕುತ್ತಾ ಕೂತರೆ ಕೆಲಸ ಕೆಟ್ಟಿತು.

ಅರ್ಧ ಕೆಜಿ ಸಕ್ಕರೆಗೆ 150 ಮಿ.ಲೀ. ನೀರು. ಕರಗಿ ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ. ಹಾಲಿನ ಪ್ರೋಟೀನು ಬಿಸಿಗೆ ಹೆಪ್ಪುಗಟ್ಟಿ, ಸಕ್ಕರೆಯಲ್ಲಿರುವ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು, ಪಾಕವನ್ನು ಬಟ್ಟೆಯಲ್ಲಿ ಸೋಸಿ. ಇದನ್ನು ಒಂದೇ ಸಲಕ್ಕೆ ಮುಗಿಸಬೇಡಿ. ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿ ಕಾಯಿಸಿ. ಹದ ಬಂದ ತಕ್ಷಣ ಇಳಿಸಿ, ಸೌಟಿನಿಂದ ಪಾತ್ರೆಯ ಬದಿಗೆ ತಿಕ್ಕುತ್ತಾ ತಿರುವಿ. ನೀರಿನಂತೆ ತಿಳಿಯಾಗಿದ್ದ ಪಾಕ ಹಾಲಿನಂತೆ ಬೆಳ್ಳಗಾಗುವಾಗಲೇ ಅಚ್ಚಿಗೆ ಸುರಿಯಿರಿ. ಹತ್ತು ನಿಮಿಷ ಬಿಟ್ಟು ಮೆಲ್ಲಗೆ ತಟ್ಟಿ ಬಿಡಿಸಿ.

ಓದೋಕೆ ಇಷ್ಟೇ. ಆಗಿದ್ದೇ ಬೇರೆ.

ಮೊದಲನೇ ಸಲ ಹೆದರಿ ಬೇಗ ಇಳಿಸಿದೆವು. ಎಷ್ಟು ತಿರುವಿದರೂ ಬೆಳ್ಳಗಾಗಲಿಲ್ಲ. ಸುರಿದದ್ದು ಗಟ್ಟಿಯಾಗದೆ ಪಟ್ಟಿಗಳ ಸಂದಿಯಿಂದ ಇಳಿದು ಅಡುಗೆ ಕಟ್ಟೆಯೆಲ್ಲ ಅಂಟಂಟಾಯಿತು.

ಎರಡನೇ ಸಲ ಎಂಜಿನಿಯರುಗಳಾದೆವು. ಒಬ್ಬ ಲ್ಯಾಬಿನಿಂದ ಥರ್ಮಾಮೀಟರ್ ತರೋಣ ಅಂದ. ಯಾವ ಯಾವ ರಾಸಾಯನಿಕಕ್ಕೆ ಮುಳುಗಿದ್ದೋ ಏನೋ, ಅದನ್ನು ತಿನ್ನೋ ಪದಾರ್ಥಕ್ಕೆ ಹಾಕಲೇಬಾರದು. ಅಡುಗೆಯದ್ದೇ ಒಂದು ಕೊಂಡು ತಂದೆವು. ಸಿಹಿತಿಂಡಿಯ ಕೋಷ್ಟಕಗಳಲ್ಲಿ ಮೆತ್ತನೆ ಉಂಡೆ ಪಾಕಕ್ಕೆ 112ರಿಂದ 115 ಡಿಗ್ರಿ ಸೆಲ್ಸಿಯಸ್ ಅಂತಿರುತ್ತದೆ. ಯಾಕೆ ಬೇಕು ತಾಪತ್ರಯ, ಮೇಲಿನ ಅಂಕಿಯೇ ಇರಲಿ ಅಂತ 115ಕ್ಕೆ ಇಳಿಸಿದೆವು. ನಾಲ್ಕು ಸಲ ತಿರುವುವಷ್ಟರಲ್ಲಿ ಪಾಕ ಪಾತ್ರೆಯಲ್ಲೇ ಕಲ್ಲಾಯಿತು, ಸೌಟು ಅದರೊಳಗೇ ನಿಂತುಕೊಂಡಿತು.

ಸುಸ್ತಾಗಿ ಮತ್ತೆ ಫೋನು ಮಾಡಿದೆವು. ಅಜ್ಜಿ ನಕ್ಕರು. "ಎಸಿಬೇಡಿ. ಒಂದ್ ಲೋಟ ನೀರು ಹಾಕಿ ಮತ್ತೆ ಕುದ್ಸಿ. ಸಕ್ರೆ ಎಲ್ಲೂ ಹೋಗಿಲ್ಲ, ಅಲ್ಲೇ ಐತೆ." ಆಮೇಲೆ ಹದ ನೋಡುವ ರೀತಿ ಹೇಳಿದರು: ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಪಾಕ ಬಿಡಿ. ಕರಗಿ ಹೋದರೆ ಇನ್ನೂ ಆಗಿಲ್ಲ. ಟಣ್ ಅಂತ ಗಟ್ಟಿಯಾದರೆ ಮೀರಿದೆ. ಬೆರಳಿಗೆ ಮೆತ್ತಗೆ ಉಂಡೆಯಾಗಿ ಸಿಕ್ಕಿದರೆ ಇಳಿಸಿ.

ಮೂರನೇ ಸಲ ಹಾಗೇ ಮಾಡಿದೆವು. ಉಂಡೆ ಸಿಕ್ಕಿತು, ಇಳಿಸಿದೆವು, ತಿರುವಿದೆವು, ಬೆಳ್ಳಗಾಯಿತು, ಸುರಿದೆವು. ಬಿಡಿಸಿದಾಗ ಪುಟ್ಟ ಬಿಳಿ ಗಿಣಿ ಕೈಗೆ ಬಂತು. ಥರ್ಮಾಮೀಟರನ್ನೂ ನೋಡಿಕೊಂಡಿದ್ದೆವು: ಇಳಿಸಿದಾಗ 110 ಡಿಗ್ರಿಯೂ ಆಗಿರಲಿಲ್ಲ.

ಕೋಷ್ಟಕ ತಪ್ಪಿತೇ?

ತಪ್ಪಿರಲಿಲ್ಲ. ಅದನ್ನು ಓದಿದ ನಾವು ತಪ್ಪಿದ್ದೆವು. ಆ ಅಂಕಿಗಳು ಸಮುದ್ರಮಟ್ಟದವು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನೀರಿಗೆ ಸಕ್ಕರೆ ಸೇರಿದಷ್ಟೂ ಕುದಿಬಿಂದು ಏರುತ್ತದೆ ಅನ್ನೋದು ಪಿಯುಸಿಯಲ್ಲೇ ಓದಿದ್ದು. ಸಮುದ್ರಮಟ್ಟದಲ್ಲಿ 112 ಅಂದರೆ 12 ಡಿಗ್ರಿ ಏರಿಕೆ, ಪಾಕದಲ್ಲಿ ಸುಮಾರು 85 ಶೇಕಡಾ ಸಕ್ಕರೆ. ಅದೇ 12 ಡಿಗ್ರಿ ಏರಿಕೆ ಇಲ್ಲಿ 97ರ ಮೇಲೆ ಕೂರಬೇಕು, ಅಂದರೆ 109. ನಾವು 115ರವರೆಗೆ ಎಳೆದಾಗ ನೀರು ಬೇಕಾದ್ದಕ್ಕಿಂತ ಹೆಚ್ಚೇ ಆರಿಹೋಗಿತ್ತು.

ಇನ್ನೊಂದು ಲೆಕ್ಕ ನೋಡಿ. 500 ಗ್ರಾಂ ಸಕ್ಕರೆ 85 ಶೇಕಡಾ ಆಗಬೇಕಾದರೆ ಒಟ್ಟು ತೂಕ ಸುಮಾರು 588 ಗ್ರಾಂ, ಅಂದರೆ ನೀರು 88 ಗ್ರಾಂ. ಹಾಲಿನಲ್ಲಿರುವ ನೀರನ್ನು ಬಿಟ್ಟರೆ, ಹಾಕಿದ 150ರಲ್ಲಿ ಆರಬೇಕಾದ್ದು ಬರೀ 60 ಗ್ರಾಂ ಚಿಲ್ಲರೆ. ಕೊನೆಗೆ ಹದ ಇದ್ದಕ್ಕಿದ್ದಂತೆ ಬಂದು ಹೋಗೋದು ಯಾಕೆ ಅಂತ ಆಗ ಅರ್ಥವಾಯಿತು.

ತಿರುವೋದು ಯಾಕೆ? 20 ಡಿಗ್ರಿಯಲ್ಲಿ 100 ಗ್ರಾಂ ನೀರು ಹಿಡಿದಿಟ್ಟುಕೊಳ್ಳುವುದು ಸುಮಾರು 200 ಗ್ರಾಂ ಸಕ್ಕರೆ. ಹದಕ್ಕೆ ಬಂದ ಪಾಕದಲ್ಲಿ ಅದೇ ನೀರಿಗೆ 560 ಗ್ರಾಮಿನಷ್ಟಿರುತ್ತದೆ. ಆರುತ್ತಾ ಬಂದಂತೆ ಹೆಚ್ಚಾದ ಸಕ್ಕರೆ ಹರಳಾಗಿ ಹೊರಬರಲೇಬೇಕು. ತಿರುವಿದರೆ ಒಂದೇ ಸಲಕ್ಕೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಹುಟ್ಟುತ್ತವೆ, ಅವು ಬೆಳಕನ್ನು ಚದುರಿಸುವುದರಿಂದ ಪಾಕ ಬೆಳ್ಳಗೆ ಕಾಣುತ್ತದೆ. ತಿರುವದೆ, ದಾರ ಇಳಿಬಿಟ್ಟು, ದಿನಗಟ್ಟಲೆ ಕಾದರೆ ಕೆಲವೇ ದೊಡ್ಡ ಹರಳುಗಳು ಬೆಳೆಯುತ್ತವೆ. ಅದೇ ಕಲ್ಲುಸಕ್ಕರೆ! ನಿಂಬೆರಸ ಹಾಕಬೇಡಿ ಅಂತ ಅಜ್ಜಿ ಹೇಳಿದ್ದಕ್ಕೂ ಕಾರಣ ಉಂಟು. ಹುಳಿ ಸಕ್ಕರೆಯನ್ನು ಒಡೆದು ಗ್ಲುಕೋಸ್, ಫ್ರಕ್ಟೋಸ್ ಮಾಡುತ್ತದೆ, ಅವು ಹರಳುಗಟ್ಟಲು ಅಡ್ಡಿ. ಜಾಮೂನಿನ ಪಾಕಕ್ಕೆ ನಿಂಬೆರಸ ಹಾಕುವುದು ಅದಕ್ಕೇ, ಅಲ್ಲಿ ಪಾಕ ಹರಳಾಗಬಾರದು.

ಈಗ ಅಜ್ಜಿಯ ತಣ್ಣೀರಿನ ಬಟ್ಟಲನ್ನು ಮತ್ತೆ ನೆನೆಯಿರಿ. ಅದು ಅಳೆಯುವುದು ಉಷ್ಣತೆಯನ್ನಲ್ಲ, ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದನ್ನು. ನಮಗೆ ಬೇಕಿದ್ದದ್ದೂ ಅದೇ. ಮಂಗಳೂರಿನಲ್ಲಿ ಮಾಡಿ, ಮಡಿಕೇರಿಯಲ್ಲಿ ಮಾಡಿ, ಬಟ್ಟಲಿಗೆ ತಿದ್ದುಪಡಿ ಬೇಡ. "ಅಳತೆ ಇಲ್ಲ" ಅಂದಾಗ ನಾವು ಒಳಗೊಳಗೇ ನಕ್ಕಿದ್ದೆವು. ಅಳತೆ ಇತ್ತು, ನಾವು ಆಯ್ದುಕೊಂಡದ್ದಕ್ಕಿಂತ ಸರಿಯಾದದ್ದೇ ಇತ್ತು. ನಮಗೆ ಗುರುತು ಸಿಗಲಿಲ್ಲ, ಅಷ್ಟೇ.

ಪೊಟ್ಟಣ ಮಡಚುವುದು

ಪ್ಲಾಸ್ಟಿಕ್ ಕವರು ಬೇಡ ಅಂತ ಮಿಕ್ಕಿದ್ದ ಡ್ರಾಯಿಂಗ್ ಶೀಟು ಹೊರತೆಗೆದೆವು. 15 ಸೆಂ.ಮೀ. ಚೌಕ ಕತ್ತರಿಸಿ. ಕರ್ಣದ ಉದ್ದಕ್ಕೆ ಮಡಚಿದರೆ ತ್ರಿಕೋನ, ಉದ್ದದ ಬದಿ ಕೆಳಗಿರಲಿ. ಕೆಳಗಿನ ಎಡ ಮೂಲೆಯನ್ನು ಎದುರಿನ ಬಲ ಅಂಚಿನ ನಡುವಿಗೆ ತಂದು ಮಡಚಿ. ಬಲ ಮೂಲೆಯನ್ನು ಹಾಗೇ ಎಡಕ್ಕೆ ತನ್ನಿ. ಮೇಲೆ ಎರಡು ಕಿವಿ ಉಳಿಯುತ್ತವೆ. ಮುಂದಿನದನ್ನು ಮುಂದಕ್ಕೆ ಮಡಚಿ ಸಂದಿಗೆ ಸಿಕ್ಕಿಸಿ. ಬಾಯಿ ತೆರೆದು ಎಳ್ಳು-ಬೆಲ್ಲ ತುಂಬಿ, ಹಿಂದಿನ ಕಿವಿಯನ್ನು ಮುಚ್ಚಳದಂತೆ ಮುಂದಿನ ಸಂದಿಗೇ ಸಿಕ್ಕಿಸಿ. ಗೋಂದು ಬೇಡ, ಪಿನ್ನಂತೂ ಬೇಡವೇ ಬೇಡ. ನ್ಯೂಸ್ ಪೇಪರ್ ಬಳಸಬೇಡಿ, ಶಾಯಿ ತಿಂಡಿಗೆ ಹತ್ತುತ್ತದೆ.

ಮರೆಯಬಾರದ ಐದು ಮಾತು

1. ಪಾಕ ಸುಟ್ಟರೆ ಬಿಸಿನೀರಿಗಿಂತ ಕೆಟ್ಟದು, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ನಮ್ಮಲ್ಲೊಬ್ಬನ ಮುಂಗೈಗೆ ಹನಿ ಸಿಡಿದಾಗ ಇನ್ನೊಬ್ಬ ಟೂತ್ ಪೇಸ್ಟ್ ತರಲು ಓಡಿದ. ಪೇಸ್ಟೂ ಬೇಡ, ಐಸೂ ಬೇಡ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬೊಬ್ಬೆ ದೊಡ್ಡದಾದರೆ ವೈದ್ಯರ ಹತ್ತಿರ ಹೋಗಿ.
2. ಇಂಡಕ್ಷನ್ ಒಲೆಯವರು ಪ್ಲಗ್ ನೋಡಿ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. 6 ಆಂಪಿಯರಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬೇಡಿ, 16 ಆಂಪಿಯರಿನದ್ದೇ ಬೇಕು.
3. ಸಕ್ಕರೆ ಕಲ್ಲಾದ ಪಾತ್ರೆಯನ್ನು ಕೆರೆಯಬೇಡಿ. ನೀರು ತುಂಬಿ ಕುದಿಸಿ, ತಾನೇ ಬಿಡುತ್ತದೆ.
4. ಇರುವೆ ಕಾಟಕ್ಕೆ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಡಬ್ಬ ಇಡಿ.
5. ಮರದ ಅಚ್ಚಿಗೆ ಸೋಪು ಹಾಕಬೇಡಿ. ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಸೀಳು ಬಿಡುತ್ತದೆ.

ಕೊನೆಗೆ

ಹಬ್ಬದ ದಿನ ಕೆಳಗಿನ ಮನೆಯವರಿಗೆ, ಮೆಸ್ಸಿನವರಿಗೆ, ಪಕ್ಕದ ರೂಮಿನವರಿಗೆ ಎಳ್ಳು ಬೀರಿದೆವು. ಧಾರವಾಡದ ಗೆಳೆಯ ನಮ್ಮ ಪೊಟ್ಟಣ ತಗೊಂಡು, ತನ್ನ ಮನೆಯಿಂದ ಬಂದಿದ್ದ ಕುಸುರೆಳ್ಳು ಕೈಗಿಟ್ಟ. ಪರೀಕ್ಷೆ ಮುಗಿದ ಮೇಲೆ ತಿಪಟೂರಿನ ಗೆಳೆಯ ಒಂದು ಡಬ್ಬ ಅಚ್ಚು ಊರಿಗೆ ಒಯ್ದ. ಬಸ್ಸಿನ ಕುಲುಕಾಟಕ್ಕೆ ಆನೆಯ ಸೊಂಡಿಲು ಮುರಿದಿತ್ತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು, "ಹದ ಬಂದೈತೆ" ಅಂದರಂತೆ. ಮರದ ಪಟ್ಟಿಗಳನ್ನು ವಾಪಸ್ ಕೊಡಲು ಹೋದರೆ, "ನೀವೇ ಇಟ್ಕೊಳಿ" ಅಂದರಂತೆ.

ನಾವು ಆ ಹದವನ್ನು ಅಂಕಿಯಲ್ಲೂ ಬರೆದಿಟ್ಟೆವು, ತಣ್ಣೀರಿನ ಬಟ್ಟಲಿನ ಮಾತನ್ನೂ ಬರೆದಿಟ್ಟೆವು. ನಿಮ್ಮ ಮನೆಯಲ್ಲೂ ಯಾರಿಗೋ ಇಂಥದ್ದೊಂದು ಹದ ಗೊತ್ತಿರುತ್ತದೆ: ಉಪ್ಪಿನಕಾಯಿಯದ್ದೋ, ಸಂಡಿಗೆಯದ್ದೋ, ಹೋಳಿಗೆಯ ಕಣಕದ್ದೋ. ಈ ಭಾನುವಾರ ಫೋನು ಮಾಡಿ ಕೇಳಿ. "ಅಳತೆ ಏನಿಲ್ಲ" ಅಂದರೆ ಫೋನು ಇಡಬೇಡಿ. ಹೇಗೆ ನೋಡಿಕೊಳ್ತೀರಿ ಅಂತ ಇನ್ನೊಂದು ಪ್ರಶ್ನೆ ಕೇಳಿ. ಅವರು ಹೇಳುವಾಗಲೇ ಒಮ್ಮೆ ಕೈಯಾರೆ ಕೆಡಿಸಿ, ಆಮೇಲೆ ಸರಿಮಾಡಿಕೊಳ್ಳಿ.

ಎಳ್ಳು-ಬೆಲ್ಲ ತಿಂದು ಒಳ್ಳೇ ಮಾತಾಡೋಣ. ಪರೀಕ್ಷೆಗೂ ಒಂಚೂರು ಓದೋಣ!