ಉಪ್ಪು-ಖಾರದ ಪದರ ಕೇಕು



ಕೇಕು ಎಂದರೆ ಸಿಹಿ ಎಂದೇ ನಮ್ಮ ತಿಳಿವಳಿಕೆ. ಆದರೆ ಸ್ವೀಡನ್ ದೇಶದವರು ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ ಉಪ್ಪಿನ ಕೇಕನ್ನೂ ಮಾಡುತ್ತಾರೆ. ಅದರ ಹೆಸರು ಸ್ಮೋರ್ಗೋಸ್‌ಟೋರ್ಟಾ. 1950ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿಯೂ ಇಂಥದೊಂದು ರೂಢಿಯಲ್ಲಿತ್ತು. ಬ್ರೆಡ್ಡಿನ ಪದರಗಳ ನಡುವೆ ಮೊಟ್ಟೆ, ಮೀನು, ಮಾಂಸ ತುಂಬಿ, ಮೇಲೆ ಕ್ರೀಮ್ ಚೀಸ್ ಸವರುತ್ತಿದ್ದರು. ನಾವು ಚೀಸಿನ ಬದಲು ನೀರು ಬಸಿದ ಮೊಸರನ್ನು ಬಳಸಬಹುದು.

ಮೊದಲ ಸಲ ಮಹಿಳಾ ಮಂಡಲಿಯಲ್ಲಿ ಇದನ್ನು ಮಾಡಿ ತೋರಿಸಿದಾಗ ನಾನು ಸೌತೆಕಾಯಿಯ ನೀರು ಹಿಂಡಿರಲಿಲ್ಲ. ಕೊಯ್ದು ನೋಡಿದರೆ ಕೆಳಗಿನ ಪದರ ಅಂಬಲಿಯಾಗಿತ್ತು! ಆದ್ದರಿಂದ ಈ ಪಾಠದ ತಿರುಳು ಒಂದೇ: ನೀರನ್ನು ತಡೆಯಿರಿ.

ಬೇಕಾಗುವ ಸಾಮಾನು: ಹೋಳು ಮಾಡದ 400 ಗ್ರಾಂ ಬ್ರೆಡ್ಡು 1, ಬೆಣ್ಣೆ 100 ಗ್ರಾಂ, ಮೊಟ್ಟೆ 4, ಸೌತೆಕಾಯಿ 2, ಗಟ್ಟಿ ಕೊತ್ತಂಬರಿ ಚಟ್ನಿ, ಮೊಸರು 1 ಲೀಟರು, ಉಪ್ಪು, ಮೆಣಸಿನ ಪುಡಿ.

ಮಾಡುವ ಕ್ರಮ:

1. ಹಿಂದಿನ ರಾತ್ರಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತಂಪಾದ ಕಡೆ ತೂಗುಹಾಕಿ.

2. ಮೊಟ್ಟೆಯನ್ನು 12 ನಿಮಿಷ ಬೇಯಿಸಿ, ಆರಿಸಿ, ಉಪ್ಪು ಮೆಣಸು ಸೇರಿಸಿ ಹಿಸುಕಿ.

3. ಸೌತೆಯನ್ನು ತುರಿದು ಉಪ್ಪು ಬೆರೆಸಿ 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿ.

4. ಬ್ರೆಡ್ಡಿನ ಕಂದು ಅಂಚು ತೆಗೆದು, ಅಡ್ಡಲಾಗಿ ನಾಲ್ಕು ಪದರ ಕೊಯ್ಯಿರಿ.

5. ಹೂರಣ ತಾಗುವ ಪ್ರತಿ ಮೈಗೂ ತುದಿಯವರೆಗೆ ಬೆಣ್ಣೆ ಸವರಿ. ಬದುವಿನಲ್ಲಿ ಒಂದು ಏಡಿ ಬಿಲವಿದ್ದರೆ ಗದ್ದೆಯ ನೀರೆಲ್ಲ ಹೋಗುವುದಿಲ್ಲವೇ? ಹಾಗೆಯೇ ಬೆಣ್ಣೆ ತಪ್ಪಿದ ಕಡೆ ತೇವ ಬ್ರೆಡ್ಡಿಗೆ ಇಳಿಯುತ್ತದೆ.

6. ಪದರಗಳ ನಡುವೆ ಕ್ರಮವಾಗಿ ಮೊಟ್ಟೆ, ಸೌತೆ, ಚಟ್ನಿ ಹರಡಿ ಜೋಡಿಸಿ. ಹೊರಗೆಲ್ಲ ಮೊಸರು ಸವರಿ ಕ್ಯಾರೆಟ್ ತುರಿಯಿಂದ ಅಲಂಕರಿಸಿ.

7. ಮುಚ್ಚಿ ಫ್ರಿಜ್ಜಿನಲ್ಲಿ 2 ಗಂಟೆ ಇಟ್ಟರೆ ಗಟ್ಟಿಯಾಗಿ ಚೆನ್ನಾಗಿ ಕೊಯ್ಯಲು ಬರುತ್ತದೆ.

ಎಚ್ಚರಿಕೆ: ಮೊಟ್ಟೆ, ಮೊಸರು ಇರುವ ಈ ತಿಂಡಿ ಫ್ರಿಜ್ಜಿನ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲು 32 ಡಿಗ್ರಿ ಮೀರಿದ ದಿನ 1 ಗಂಟೆ ಮಾತ್ರ. ಕೆಟ್ಟದ್ದು ನೋಟಕ್ಕಾಗಲಿ ವಾಸನೆಗಾಗಲಿ ಯಾವಾಗಲೂ ತಿಳಿಯುವುದಿಲ್ಲ. ಮೊದಲು ಹಾಸಿಗೆ ಹಿಡಿಯುವವರು ಮಕ್ಕಳು, ಮುದುಕರು, ಬಸುರಿಯರು. ಫ್ರಿಜ್ಜು ಇಲ್ಲದವರು ಪಂಕ್ತಿ ಕೂತ ಮೇಲೆಯೇ ಜೋಡಿಸಿ ಬಡಿಸಿ. ಹೊರಗೆ ಹೊತ್ತು ಮೀರಿ ಉಳಿದದ್ದನ್ನು, ಎಷ್ಟೇ ಆಸೆಯಾದರೂ, ನಾಳೆಗೆ ಎತ್ತಿಡಬೇಡಿ.