ಸ್ನ್ಯಾಪ್‌ಶಾಟ್ ಅಳಿಸಿದಿರಾ?

ವಿಎಂವೇರ್ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು. ಪ್ಯಾಚ್ ಹಾಕುವ ಮುಂಚೆ ಸ್ನ್ಯಾಪ್‌ಶಾಟ್ ತೆಗೆಯುತ್ತೀರಿ, ಒಳ್ಳೆಯದೇ. ಕೆಲಸ ಮುಗಿದ ಮೇಲೆ ಅಳಿಸುವುದು ಮಾತ್ರ ಮರೆತೇಹೋಗುತ್ತದೆ. ಸ್ನ್ಯಾಪ್‌ಶಾಟ್ ತೆಗೆದಾಗಿನಿಂದ ವಿಎಂ ಬರೆಯುವುದೆಲ್ಲ ಮೂಲ ಡಿಸ್ಕಿಗೆ ಹೋಗದೆ ಡೆಲ್ಟಾ ಫೈಲಿಗೆ ಸೇರುತ್ತ, ಕೊನೆಗೆ ಅದೂ ಮೂಲ ಡಿಸ್ಕಿನಷ್ಟೇ ಬೆಳೆಯಬಹುದು. ಥಿನ್ ಪ್ರಾವಿಷನಿಂಗ್ ಬೇರೆ ಇದ್ದರಂತೂ ಕೇಳಲೇಬೇಡಿ: 1 ಟಿಬಿ ಡೇಟಾಸ್ಟೋರ್‌ನಲ್ಲಿ 200 ಜಿಬಿಯ ಎಂಟು ಡಿಸ್ಕ್ ಹಂಚಿ ಕೂತಿರುತ್ತೀರಿ! ಅದು ತುಂಬಿತೋ, ಹೊಸ ಜಾಗ ಕೇಳಿದ ವಿಎಂಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ. ಜಾಗ ತಿಂದದ್ದು ಒಂದೇ ಆದರೂ.

ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಎನ್ನುವುದು ವಿಎಂವೇರ್‌ನದೇ ಸಲಹೆ. ಮೂಲ ಡಿಸ್ಕ್ ಕೆಟ್ಟರೆ ಸ್ನ್ಯಾಪ್‌ಶಾಟೂ ಹೋಯಿತೆಂದೇ ಲೆಕ್ಕ, ಹಾಗಾಗಿ ಬ್ಯಾಕಪ್ ಬೇರೆ ಸ್ಟೋರೇಜಿನಲ್ಲಿರಲಿ. ದೊಡ್ಡ ಸ್ನ್ಯಾಪ್‌ಶಾಟ್ ಅಳಿಸುವಾಗ ಡಿಸ್ಕಿಗೆ ಹೊರೆ ಜಾಸ್ತಿ, ಆ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಿ.